‘ನಿಮ್ಮ ರೈಫಲ್‌ಗೆ ಇದು ಕೂರುವುದಿಲ್ಲ, ತಗೊಳ್ಳಬೇಡಿ’

ಅಮೆರಿಕದ ಅರಿಜೋನಾದಲ್ಲಿ ರೈಫಲ್ ಬಿಡಿಭಾಗ ಮಾಡಿ ಮಾರುವ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಗ್ರಾಹಕರ ಫೋನ್ ತೆಗೆಯುವುದು, ಇಮೇಲ್‌ಗೆ ಉತ್ತರ ಬರೆಯುವುದು, ವಾಪಸ್ ಬಂದ ಮಾಲನ್ನು ಬಿಚ್ಚಿ ನೋಡುವುದು ನನ್ನ ಪಾಲಿನದು. ನಾವು ರೈಫಲ್ ಮಾಡುವುದಿಲ್ಲ. ಬೇರೆ ಕಂಪನಿಯ ರೈಫಲ್‌ಗೆ ಹೊಂದುವ ಹಿಡಿ (ಭುಜಕ್ಕೆ ಆನಿಸುವ ಭಾಗ), ಆ ಹಿಡಿಯ ಬದಲು ಹಾಕುವ ಅಲ್ಯೂಮಿನಿಯಂ ಚೌಕಟ್ಟಾದ ಚಾಸಿ, ಟ್ರಿಗರ್, ಗುರಿ ನೋಡುವ ದುರ್ಬೀನಾದ ಸ್ಕೋಪ್ ಕೂರಿಸಲು ರೈಲು ಅನ್ನುವ ಉದ್ದ ಪಟ್ಟಿ ಮತ್ತು ರಿಂಗು ಮಾಡುತ್ತೇವೆ. ಬೈಕಿಗೆ ಬೇರೆ ಕಂಪನಿಯ ಹ್ಯಾಂಡಲ್, ಸೀಟು ಹಾಕಿಸುತ್ತಾರಲ್ಲ, ಹಾಗೆ. ಇಲ್ಲಿ ಇದನ್ನು ಆಫ್ಟರ್‌ಮಾರ್ಕೆಟ್ ಅನ್ನುತ್ತಾರೆ.

ಗ್ರಾಹಕ ಸೇವೆ ಅಂದ ಕೂಡಲೇ ಎಲ್ಲರೂ ಹೇಳುವುದು ನಯವಾದ ಮಾತು, ಬೇಗ ಉತ್ತರ, ಸುಲಭ ರಿಟರ್ನ್. ಅವೆಲ್ಲ ಬೇಕು. ಆದರೆ ನಮ್ಮ ವ್ಯಾಪಾರದಲ್ಲಿ ಗ್ರಾಹಕ ದುಡ್ಡು ಕೊಡುವ ಮುಂಚೆ ನಾವು ಏನು ಕೇಳುತ್ತೇವೆ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ರೆಮಿಂಗ್ಟನ್ 700 ಅನ್ನೇ ತೆಗೆದುಕೊಳ್ಳಿ. 1962ರಲ್ಲಿ ಬಂದ ಬೋಲ್ಟ್ ರೈಫಲ್ ಇದು, ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳಬೇಕು. ಬೇಟೆಯವರ ಮನೆಗಳಲ್ಲಿ ಲಕ್ಷಗಟ್ಟಲೆ ಇವೆ. ಅದರ ಅಳತೆ ಹಿಡಿದೇ ಆಕ್ಷನ್, ಅಂದರೆ ಬೋಲ್ಟ್ ಓಡಾಡುವ ನಡುವಿನ ಭಾಗ, ಮಾಡುವ ಬೇರೆ ಕಂಪನಿಗಳೂ ಇವೆ. ಹಾಗಾಗಿ ಫೋನ್ ಮಾಡುವವರು "ನನ್ನದು 700, ನಿಮ್ಮ ಚಾಸಿ ಒಂದು ಕಳಿಸಿ" ಅಂತ ಹೇಳಿ, ನೇರವಾಗಿ ಕಾರ್ಡ್ ನಂಬರ್ ಓದಲು ಶುರು ಮಾಡುತ್ತಾರೆ. ನಾನು ಅಲ್ಲೇ ತಡೆಯುತ್ತೇನೆ.

"ಸ್ವಲ್ಪ ಇರಿ ಸರ್, ಯಾವ ತೋಟೆ ಹಾಕುತ್ತೀರಿ?"

.308 ಅಂದರೆ ಶಾರ್ಟ್ ಆಕ್ಷನ್. .30-06 ಅಂದರೆ ಲಾಂಗ್ ಆಕ್ಷನ್. ಮೊದಲನೆಯ ತೋಟೆಯ ಪೂರ್ತಿ ಉದ್ದ ಹೆಚ್ಚೆಂದರೆ 2.81 ಇಂಚು, ಎರಡನೆಯದು 3.34 ಇಂಚು. ಅಷ್ಟು ವ್ಯತ್ಯಾಸ ಸಾಕು, ಒಂದರ ಚಾಸಿ ಇನ್ನೊಂದಕ್ಕೆ ಕೂರುವುದಿಲ್ಲ. ಬೋಲ್ಟ್ ಹಿಡಿ ಬಲಗಡೆಯೋ ಎಡಗಡೆಯೋ? ನಳಿಗೆ ಬೇಟೆಯವರದ್ದರಂತೆ ತೆಳುವೋ, ಟಾರ್ಗೆಟ್ ಹೊಡೆಯುವವರದ್ದರಂತೆ ದಪ್ಪವೋ? ಹಿಡಿಯ ತಳದಲ್ಲಿ ತೆರೆದುಕೊಳ್ಳುವ ತಟ್ಟೆ ಇದೆಯೋ ಇಲ್ಲವೋ? ಬೇರೆಯವರಿಂದ ಕೊಂಡ ಹಳೆಯ ರೈಫಲ್ ಆದರೆ ಇನ್ನೊಂದು ಪ್ರಶ್ನೆ: ಯಾರಾದರೂ ನಡುವೆ ನಳಿಗೆ ಬದಲಿಸಿದ್ದಾರೆಯೇ?

ಕೆಲವರಿಗೆ ಇಷ್ಟೊಂದು ಪ್ರಶ್ನೆ ಕಿರಿಕಿರಿ ಅನಿಸುತ್ತದೆ. "ಸುಮ್ನೆ ಕಳಿಸ್ರೀ" ಅನ್ನುವ ದನಿ ಇಂಗ್ಲಿಷಿನಲ್ಲೂ ಗೊತ್ತಾಗುತ್ತದೆ. ಆಗಲೂ ನಾನು ಬಿಡುವುದಿಲ್ಲ. ಫೋಟೋ ಕಳಿಸಿ ಅನ್ನುತ್ತೇನೆ. ಅದಕ್ಕೂ ಮುಂಚೆ ರೈಫಲ್ ಖಾಲಿ ಇದೆಯೇ ಎಂದು ಕೇಳುತ್ತೇನೆ. ಮ್ಯಾಗಜೀನ್ ತೆಗೆದು, ಬೋಲ್ಟ್ ತೆರೆದು, ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿದ ಮೇಲೆ ಮುಂದಿನ ಮಾತು. ಫೋನಿನ ಆ ಕಡೆ ನಲವತ್ತು ವರ್ಷ ಬೇಟೆ ಆಡಿದವರು ಇರಬಹುದು. ಆದರೂ ಕೇಳುತ್ತೇನೆ. ಇದರಿಂದ ಒಬ್ಬರೂ ಬೇಜಾರು ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ.

ಒಬ್ಬ ಹೆಂಗಸು ತೀರಿಹೋದ ಅಪ್ಪನ ರೈಫಲ್‌ಗೆ ಹೊಸ ಹಿಡಿ ಕೇಳಿ ಫೋನ್ ಮಾಡಿದ್ದರು. ಮಗಳು ಬೇಟೆ ಕಲಿಯುತ್ತಿದ್ದಾಳೆ, ತಾತನ ರೈಫಲ್ ಅವಳ ಕೈಗೆ ಉದ್ದವಾಗುತ್ತದೆ ಅಂದರು. ಅಂಗಡಿಯವರು ಅದನ್ನು 700 ಎಂದು ಹೇಳಿದ್ದರಂತೆ. ಫೋಟೋ ನೋಡಿದರೆ ಅದು 721. ಅಂದರೆ 700 ಬರುವ ಮುಂಚಿನ, 1948ರಲ್ಲಿ ಶುರುವಾದ ಮಾದರಿ. ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ನಮ್ಮ ಹಿಡಿಯನ್ನು ಅದಕ್ಕೆ ಅಳೆದು ಮಾಡಿಲ್ಲ. ನಾನು ಹಾಗೆಯೇ ಹೇಳಿದೆ: "ನಿಮ್ಮ ರೈಫಲ್‌ಗೆ ಇದು ಸರಿಯಾಗಿ ಕೂರುತ್ತದೆ ಎಂದು ನಾವು ಹೇಳಲಾಗುವುದಿಲ್ಲ ಮೇಡಂ, ತಗೊಳ್ಳಬೇಡಿ." ಅಪ್ಪನ ಮರದ ಹಿಡಿಯನ್ನು ಕತ್ತರಿಸುವುದೂ ಬೇಡ, ಅದು ಮತ್ತೆ ಬರುವುದಿಲ್ಲ. ಹತ್ತಿರದ ಗನ್‌ಸ್ಮಿತ್ ಬಳಿ ಹುಡುಗಿಯನ್ನೇ ಕರೆದುಕೊಂಡು ಹೋಗಿ, ಭುಜದಿಂದ ಟ್ರಿಗರ್‌ವರೆಗೆ ಅಳತೆ ತೆಗೆಸಿ ಅಂದೆ. ನಮಗೆ ವ್ಯಾಪಾರವಾಗಲಿಲ್ಲ. ಆ ಕರೆಗೆ ಹಿಡಿದ ಸಮಯವನ್ನು ನಮ್ಮ ಮ್ಯಾನೇಜರ್ ಲೆಕ್ಕ ಕೇಳಲಿಲ್ಲ. ಇಂಥ ಕಡೆ ಕೆಲಸ ಮಾಡುವುದು ನನ್ನ ಪುಣ್ಯ ಅಂದುಕೊಂಡಿದ್ದೇನೆ.

ಸ್ಕೋಪ್ ರಿಂಗಿನ ಗೊಂದಲ ಇದಕ್ಕಿಂತ ಜಾಸ್ತಿ. ಸ್ಕೋಪ್ ಕೊಳವೆ 1 ಇಂಚು ಇರಬಹುದು, 30 ಮಿಲಿಮೀಟರ್ ಇರಬಹುದು, 34 ಇರಬಹುದು. 1 ಇಂಚು ಅಂದರೆ 25.4 ಮಿಲಿಮೀಟರ್. 30ರ ರಿಂಗನ್ನು ಅದಕ್ಕೆ ಹಾಕಿ ಎಷ್ಟು ಬಿಗಿದರೂ ಸ್ಕೋಪ್ ನಿಲ್ಲುವುದಿಲ್ಲ. ಜನ ಮುಂದಿನ ಗಾಜಿನ ಅಗಲ ನೋಡಿ ಅದೇ ಕೊಳವೆಯ ಅಳತೆ ಅಂದುಕೊಳ್ಳುತ್ತಾರೆ. ರೈಲಿನ ಕಥೆಯೂ ಹಾಗೆಯೇ. ಪಿಕಟಿನ್ನಿ ರೈಲಿಗೆ 1995ರಲ್ಲಿ ಅಮೆರಿಕದ ಸೇನೆ ಒಂದು ಮಾನಕ ಅಳತೆ ಗೊತ್ತು ಮಾಡಿತು. ಅದಕ್ಕೂ ಹಳೆಯದು ವೀವರ್ ರೈಲು. ನೋಡಲು ಎರಡೂ ಒಂದೇ ಥರ. ಆದರೆ ಅಡ್ಡ ಕಚ್ಚಿನ ಅಗಲ ಪಿಕಟಿನ್ನಿಯಲ್ಲಿ 0.206 ಇಂಚು, ವೀವರ್‌ನಲ್ಲಿ 0.180. ವೀವರ್ ರಿಂಗು ಸಾಮಾನ್ಯವಾಗಿ ಪಿಕಟಿನ್ನಿ ಮೇಲೆ ಕೂರುತ್ತದೆ. ಪಿಕಟಿನ್ನಿ ರಿಂಗಿನ ದಪ್ಪ ಅಡ್ಡ ಪಟ್ಟಿ ವೀವರ್ ಕಚ್ಚಿನೊಳಗೆ ಇಳಿಯುವುದೇ ಇಲ್ಲ. ಆಮೇಲೆ ಫೋನ್ ಬರುತ್ತದೆ, ನಿಮ್ಮ ರಿಂಗು ಸರಿಯಿಲ್ಲ ಅಂತ. ಅದರಲ್ಲಿ ಗ್ರಾಹಕರ ತಪ್ಪು ಹುಡುಕುವುದರಲ್ಲಿ ಅರ್ಥವಿಲ್ಲ. ಇಬ್ಬರೂ ಒಂದೊಂದು ಫೋಟೋ ನೋಡಿ, ಬದಲಿ ಕಳಿಸಿ, ಮುಂದೆ ಹೋಗಬೇಕು.

ವಾಪಸ್ ಬರುವ ಮಾಲಿನಲ್ಲಿ ನನಗೆ ನಿಜವಾಗಿ ಚಿಂತೆ ಹತ್ತಿಸುವುದು ಮುರಿದ ಸ್ಕ್ರೂ. ನಮ್ಮ ಚಾಸಿಯ ಜೊತೆ ಬರುವ ಹಾಳೆಯಲ್ಲಿ 65 ಇಂಚ್-ಪೌಂಡ್ ಬಿಗಿತ ಎಂದು ಬರೆದಿದೆ. ಕಾರಿನ ಚಕ್ರ ಬಿಗಿಯುವ ಟಾರ್ಕ್ ರೆಂಚಿನ ಮೇಲೆ ಇರುವುದು ಫುಟ್-ಪೌಂಡ್. ಅಂಕಿ ನೋಡಿ 65ಕ್ಕೆ ಇಟ್ಟರೆ ಬೇಕಾದ್ದಕ್ಕಿಂತ ಹನ್ನೆರಡು ಪಟ್ಟು ಬಿಗಿ! ಅಲ್ಲಿಯವರೆಗೆ ಹೋಗುವ ಮುಂಚೆಯೇ ಸ್ಕ್ರೂ ತುಂಡಾಗುತ್ತದೆ, ಇಲ್ಲವೇ ಸ್ಕ್ರೂ ಹಿಡಿಯುವ ತಿರುಪಿನ ಗೆರೆ ಕಿತ್ತುಹೋಗುತ್ತದೆ. ಈಗ ಚಾಸಿ ತೆಗೆದುಕೊಂಡ ಪ್ರತಿಯೊಬ್ಬರಿಗೂ ಫೋನಿನಲ್ಲೇ ಹೇಳುತ್ತೇನೆ. ಇಂಚ್-ಪೌಂಡಿನ ಸಣ್ಣ ರೆಂಚು ಇಲ್ಲವೆಂದರೆ ಹತ್ತಿರದ ಅಂಗಡಿಯಲ್ಲಿ ಬಿಗಿಸಿ ಅನ್ನುತ್ತೇನೆ.

ಶರತ್ಕಾಲ ಬಂತೆಂದರೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಮಿಷಿಗನ್‌ನಲ್ಲಿ ಜಿಂಕೆಯ ಬಂದೂಕು ಬೇಟೆ ನವೆಂಬರ್ 15ಕ್ಕೆ ಶುರು. ಅದು ಭಾನುವಾರವೋ ಬುಧವಾರವೋ, ತಾರೀಕು ಅದೇ. ಅಲ್ಲಿನ ಗ್ರಾಹಕರೊಬ್ಬರು ನವೆಂಬರ್ ಎರಡನೇ ವಾರದಲ್ಲಿ ಟ್ರಿಗರ್ ಮತ್ತು ಚಾಸಿ ಎರಡನ್ನೂ ಆರ್ಡರ್ ಮಾಡಲು ಬಂದರು. ಎಕ್ಸ್‌ಪ್ರೆಸ್‌ನಲ್ಲಿ ಕಳಿಸಿದರೆ ಸಮಯಕ್ಕೆ ತಲುಪುತ್ತಿತ್ತು. ಆದರೆ ಹೊಸ ಚಾಸಿಗೆ ಕೂರಿಸಿದ ರೈಫಲ್ ಮೊದಲು ಹೊಡೆದ ಜಾಗಕ್ಕೇ ಹೊಡೆಯುತ್ತದೆ ಅನ್ನಲಾಗದು. ರೇಂಜಿಗೆ ಹೋಗಿ ಸ್ಕೋಪ್ ಮತ್ತೆ ಹೊಂದಿಸಬೇಕು. ಹೊಸ ಟ್ರಿಗರಿಗೆ ಬೆರಳು ಪಳಗಬೇಕು. ಅವರಿಗೆ ಅದಕ್ಕೆ ಬಿಡುವಿರಲಿಲ್ಲ. "ಈ ಸಲ ಹಳೆಯದರಲ್ಲೇ ಹೋಗಿ ಸರ್, ಸೀಸನ್ ಮುಗಿದ ಮೇಲೆ ಮಾತಾಡೋಣ" ಅಂದೆ. ಸರಿಯಾಗಿ ಹೊಂದಿಸದ ರೈಫಲಿನಿಂದ ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳುತ್ತದೆ. ನಮ್ಮ ಒಂದು ಆರ್ಡರಿಗೋಸ್ಕರ ಹಾಗಾಗಬಾರದು.

ಕೆಲವು ಕರೆಗಳಲ್ಲಿ ಮಾರಾಟದ ಮಾತೇ ಎತ್ತಬಾರದು. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ರೀಕಾಲ್ ಮಾಡಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು ಅವು. ಜೋಡಣೆಯಲ್ಲಿ ಹಾಕಿದ ಅಂಟು ಜಾಸ್ತಿಯಾಗಿ, ಬೆರಳು ಮುಟ್ಟದೆಯೂ ಗುಂಡು ಹಾರುವ ಅಪಾಯವಿದೆ, ಬಳಸುವುದು ನಿಲ್ಲಿಸಿ ಎಂದು ಕಂಪನಿಯೇ ಹೇಳಿತ್ತು. ಆ ಹಳೆಯ ಕಂಪನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿ ಭಾಗಭಾಗವಾಗಿ ಮಾರಾಟವಾಯಿತು. ರೈಫಲ್‌ಗಳು ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇವೆ. ಹಾಗಾಗಿ 700ಕ್ಕೆ ಟ್ರಿಗರ್ ಬೇಕೆಂದವರಿಗೆ ನನ್ನ ಮೊದಲ ಪ್ರಶ್ನೆ, ಅದು ಯಾವ ವರ್ಷದ್ದು? ಆ ಅವಧಿಯದು ಅಂದರೆ, ಪರೀಕ್ಷೆ ಆಗುವವರೆಗೆ ತೋಟೆ ಹಾಕಬೇಡಿ ಎಂದು ಹೇಳುತ್ತೇನೆ. ಟ್ರಿಗರ್ ನಮ್ಮಿಂದ ತೆಗೆದುಕೊಳ್ಳುತ್ತಾರೋ ಇಲ್ಲವೋ ಅದು ಆಮೇಲಿನ ಮಾತು.

ಇಲ್ಲ ಅನ್ನಬೇಕಾದ ಕಡೆ ಇಲ್ಲ ಅನ್ನುವುದೂ ಈ ಕೆಲಸದ ಭಾಗ. ಇಲ್ಲಿನ 1968ರ ಕಾನೂನಿನ ಪ್ರಕಾರ ಸೀರಿಯಲ್ ನಂಬರ್ ಇರುವ ರಿಸೀವರೇ (ಬೋಲ್ಟ್ ಕೂರುವ ಮುಖ್ಯ ಭಾಗ) ಬಂದೂಕು. ಬೇರೆ ರಾಜ್ಯದ ಗ್ರಾಹಕರಿಗೆ ಅದು ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು. ಹಿಡಿ, ರಿಂಗಿನಂಥವು ಪಾರ್ಸೆಲ್‌ನಲ್ಲಿ ಮನೆಗೇ ಹೋಗುತ್ತವೆ, ಆದರೆ ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಿಗೆ ತಮ್ಮದೇ ನಿಯಮಗಳಿವೆ. ನನ್ನ ಊರು ಕೊಡಗು. ಕೈಲ್ ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆ ನಮ್ಮದು. ನನ್ನ ಕೆಲಸ ಗೊತ್ತಾದ ಮೇಲೆ ಚಿಕ್ಕಪ್ಪ ಕೇಳಿದರು, "ನಮ್ಮ ಕೋವಿಗೆ ಅಲ್ಲಿಂದ ಒಂದು ಸಾಮಾನು ಕಳಿಸೋಕೆ ಆಗುತ್ತಾ ಮಗಾ?" ಆಗುವುದಿಲ್ಲ ಅಂದೆ. ನಮ್ಮ ಕಂಪನಿ ಹೊರದೇಶಕ್ಕೆ ಕಳಿಸುವುದಿಲ್ಲ. ಭಾರತದ 1959ರ ಶಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಭಾಗವೂ ಶಸ್ತ್ರವೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಇರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಹೊರಗಿನಿಂದ ಭಾಗ ತರಿಸಲು ಅಲ್ಲ. ಚಿಕ್ಕಪ್ಪನಿಗೆ ಹೇಳಿದ್ದನ್ನೇ ಬೇರೆ ದೇಶದಿಂದ ಇಮೇಲ್ ಬರೆಯುವವರಿಗೂ ಹೇಳುತ್ತೇನೆ. ಕಾರಣ ಬಿಡಿಸಿ ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಬರೀ "ಸಾಧ್ಯವಿಲ್ಲ" ಅಂದರೆ ಅವಮಾನವಾದಂತೆ ಅನಿಸುತ್ತದೆ ಅವರಿಗೆ.

ವಾರಂಟಿ ಬಗ್ಗೆಯೂ ಒಂದು ಮಾತು. ಹೊರಗಿನ ಭಾಗ ಹಾಕಿದರೆ ರೈಫಲ್ ಕಂಪನಿ ವಾರಂಟಿ ಕಿತ್ತುಕೊಳ್ಳುತ್ತದೆ ಎಂದು ಹೆದರುವವರಿದ್ದಾರೆ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ ಬೇರೆಯವರ ಭಾಗ ಬಳಸಿದ ಒಂದೇ ಕಾರಣಕ್ಕೆ ಹಾಗೆ ಮಾಡುವಂತಿಲ್ಲ. ಆದರೆ ಆ ಭಾಗದಿಂದಲೇ ಹಾನಿಯಾದರೆ ಅದು ಬೇರೆ. ಎರಡನ್ನೂ ಸೇರಿಸಿ ಹೇಳಬೇಕು. ಮೊದಲರ್ಧ ಮಾತ್ರ ಹೇಳಿ ಮಾರುವುದು ಸರಿಯಲ್ಲ.

ಪ್ರತಿ ಕರೆ ಮುಗಿದ ಮೇಲೆ ಗ್ರಾಹಕರ ರೈಫಲ್, ತೋಟೆ, ಕೈ, ನಳಿಗೆ, ನಾವು ಕೊಟ್ಟ ಸಲಹೆ ಎಲ್ಲವನ್ನೂ ನಾವು ಬರೆದಿಡುತ್ತೇವೆ. ಮುಂದಿನ ಸಲ ಬೇರೆ ಯಾರು ಫೋನ್ ತೆಗೆದರೂ ಗ್ರಾಹಕರು ಮೊದಲಿನಿಂದ ಹೇಳಬೇಕಿಲ್ಲ. ಆ ಟಿಪ್ಪಣಿಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಚಾಸಿಯ ಪುಟದಲ್ಲಿ ಬಲಗೈ ಫೋಟೋ ಮಾತ್ರ ಇದ್ದದ್ದರಿಂದ ಎಡಗೈಯವರು ಫೋನ್ ಮಾಡದೆ ಬಿಟ್ಟುಬಿಡುತ್ತಿದ್ದರು, ಇಲ್ಲವೇ ತಪ್ಪು ಮಾಲು ತೆಗೆದುಕೊಳ್ಳುತ್ತಿದ್ದರು. ಈಗ ಎರಡರ ಫೋಟೋನೂ ಹಾಕಿಸುತ್ತಿದ್ದೇವೆ. ಬೆಲೆಯ ಮೇಲುಗಡೆ, ಮೊದಲ ಸಾಲಿನಲ್ಲೇ, ಯಾವ ಆಕ್ಷನ್, ಯಾವ ಕೈ, ಯಾವ ನಳಿಗೆ ಎಂದು ಬರೆಸುತ್ತಿದ್ದೇವೆ. ಕೂರದ ಮಾದರಿಗಳ ಹೆಸರೂ ಅಲ್ಲೇ ಇರುತ್ತದೆ, 721 ಸೇರಿ.