ಫೆಬ್ರವರೀಲಿ ಕೆಂಪಾದ ಮರ

ಬುಧವಾರ ಮಗಳು ಸ್ಕೂಲಿಂದ ಬಂದವಳೇ ಡ್ರಾಯಿಂಗ್ ಬುಕ್ ಸೋಫಾ ಮೇಲೆ ಎಸೆದ್ಲು. ಎರಡನೇ ಕ್ಲಾಸು. ನಾಲ್ಕು ಸೀಸನ್ನಿಗೆ ನಾಲ್ಕು ಚಿತ್ರ ಬಿಡಿಸೋದಿತ್ತು, ಇವಳು ನಮ್ಮ ಗೇಟಿನ ಎದುರಿಗಿರೋ ಬಾದಾಮಿ ಮರಾನೇ ಬಿಡಿಸಿ, ಎಲೆಗೆಲ್ಲ ಕೆಂಪು ತುಂಬಿ, ಕೆಳಗೆ ಫೆಬ್ರವರಿ ಅಂತ ಬರ್ದಿದ್ಲು. ಮಿಸ್ಸು ಅದನ್ನ ಹೊಡೆದುಹಾಕಿ ಅಕ್ಟೋಬರ್ ಅಂತ ತಿದ್ದಿದಾರೆ. "ಅಮ್ಮಾ, ಈಗ್ಲೇ ತಾನೆ ಅದು ಕೆಂಪಾಗಿರೋದು, ಬಾ ತೋರಿಸ್ತೀನಿ" ಅಂತ ಕೈ ಹಿಡಿದು ಎಳೆದ್ಲು. ನಾನು ಒಲೆ ಮೇಲೆ ಹಾಲಿಟ್ಟಿದ್ದೆ, "ಬುಕ್ಕಲ್ಲಿ ಹಂಗೇ ಇರೋದು ಪುಟ್ಟಾ, ಬಿಡು" ಅಂದ್ಬಿಟ್ಟೆ.

ಆ ಮಾತು ಇವತ್ತಿಗೂ ಚುಚ್ತಾ ಇದೆ. ಮಿಸ್ ಮೇಲೆ ಕೋಪ ಬಂತು, ನಿಜ, ಕಿಟಕಿಯಾಚೆ ಒಂದ್ಸಲ ನೋಡಿದ್ರೆ ಸಾಕಿತ್ತು. ಆದ್ರೆ ಕಿಟಕಿಯಾಚೆ ನೋಡದೇ ಇದ್ದೋಳು ನಾನೂ ತಾನೆ.

ಅವಳಿಗೆ ಮೂರು ವರ್ಷ ಇದ್ದಾಗ ಒಂದು ಚಿತ್ರಪುಸ್ತಕ ತಂದಿದ್ವಿ, ಒಂದೇ ಸೇಬಿನ ಮರ, ಚಿಗುರು, ಹಣ್ಣು, ಕೆಂಪು ಎಲೆ, ಆಮೇಲೆ ಹಿಮ. ನೂರಾರು ಸಲ ಓದಿದೀವಿ, ಹಿಮದ ಪುಟ ಅಂಚೆಲ್ಲ ಹರಿದುಹೋಗಿದೆ. ಆ ಪುಸ್ತಕದ ಮೇಲೆ ನಂಗೇನೂ ದೂರಿಲ್ಲ, ಮರ ಅಂದ್ರೆ ನಿಂತು ನೋಡ್ಬೇಕು ಅಂತ ಅವಳಿಗೆ ಕಲಿಸಿದ್ದೇ ಅದು. ಆದ್ರೆ ಹಿಮ ಬೀಳೋ ಕಡೆ ಇಂಥ ಮರಗಳು ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸ್ತಾವೆ, ನಮ್ಮ ಕಡೆ ಎಷ್ಟೋ ಮರಗಳು ಮಳೆ ಇಲ್ಲದ ತಿಂಗಳಲ್ಲಿ ನೀರು ಉಳಿಸ್ಕೊಳ್ಳೋಕೆ ಉದುರಿಸ್ತಾವೆ. ಇದನ್ನ ಹೇಳೋ ಪುಟ ಅದರಲ್ಲಿ ಇಲ್ಲ, ನಾನೂ ಹೇಳಿರ್ಲಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ಕೂಲ್ ವ್ಯಾನಿಗೆ ಕಾಯ್ತಾ ಇದ್ವಿ. ನಮ್ಮ ರಸ್ತೆ ಗುಡಿಸೋ ಅಕ್ಕ ಎಲೆ ಗುಡ್ಡೆ ಮಾಡ್ತಾ ಇದ್ರು. ಇವಳು ಹೋಗಿ ಗುಡ್ಡೆಯಿಂದ ಒಂದು ಎಲೆ ಎತ್ಕೊಂಡ್ಲು, ಅಂಗೈಗಿಂತ ದೊಡ್ಡದು, ನಡುವಿನ ನರ ಇನ್ನೂ ಹಳದಿ, ಸುತ್ತ ಕುಂಕುಮದ ಹಂಗೆ ಕೆಂಪು. "ಇದು ಅಕ್ಟೋಬರಲ್ಲಿ ಬೀಳುತ್ತಾ ಆಂಟಿ?"

"ಯಾರ್ ಹೇಳಿದ್ದು? ಸಂಕ್ರಾಂತಿ ಕಳೀತಿದ್ದಂಗೇ ಶುರು ಇದು. ಶಿವರಾತ್ರಿ ಹೊತ್ಗೆ ಆ ಹೊಂಗೆ ಬೋಳಾಗುತ್ತೆ, ಯುಗಾದಿಗೆ ಚಿಗುರು. ಆಮೇಲೆ ಅದರ ಹೂವು ಬೀಳುತ್ತೆ ನೋಡವ್ವ, ಅಕ್ಕಿ ಚೆಲ್ಲಿದಂಗೆ, ಪೊರಕೆಗೇ ಸಿಗಲ್ಲ. ಮಳೆಮರದ ಕಾಯಂತೂ ಅಂಟು ಅಂಟು."

ಪೊರಕೆ ನಿಲ್ಲಿಸದೇನೇ ಹೇಳಿದ್ರು. ವ್ಯಾನ್ ಬಂತು, ಇವಳು ಎಲೆ ಬ್ಯಾಗಿಗೆ ಹಾಕ್ಕೊಂಡು ಹತ್ತಿದ್ಲು. ನಾನು ಅಲ್ಲೇ ನಿಂತಿದ್ದೆ. ಯಾವ ತಿಂಗಳು ಯಾವ ಮರ ಏನು ಬೀಳಿಸುತ್ತೆ ಅನ್ನೋದು ಅವರ ರಟ್ಟೆಗೆ ಗೊತ್ತು. ನಮ್ಮಜ್ಜಿಗೂ ಹಿಂಗೇ, ಕ್ಯಾಲೆಂಡರ್ ನೋಡ್ತಾನೇ ಇರ್ಲಿಲ್ಲ, ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ಆಕಾಶ ನೋಡಿ ಹೇಳೋರು.

1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು, ವರ್ಷವಿಡೀ ಬೆಂಗಳೂರಲ್ಲಿ ಯಾವುದಾದ್ರೂ ಒಂದು ಮರ ಹೂ ಬಿಟ್ಟಿರ್ಬೇಕು ಅಂತ ಲೆಕ್ಕ ಹಾಕಿ ಗಿಡ ನೆಡ್ಸಿದ್ರಂತೆ. ಊರೇ ಒಂದು ಚಿತ್ರಪುಸ್ತಕ ಆಗೋ ಹಂಗೆ ನೆಟ್ಟಿರೋ ಜಾಗದಲ್ಲಿ ಕೂತು ನಮ್ಮ ಮಕ್ಕಳಿಗೆ ಸೇಬಿನ ಮರದ ಅಕ್ಟೋಬರ್ ಹೇಳಿಕೊಡ್ತಿದೀವಲ್ಲ ಅಂತ ಸಂಕಟ ಆಗುತ್ತೆ. ಆ ಶುಕ್ರವಾರ ರಾತ್ರಿ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗೋ ಕನ್ನಡದ ಪುಸ್ತಕ ತೆಗೆದು ಇಬ್ರೂ ಓದಿದ್ವಿ, ಮರ, ಹುಳ, ಹಕ್ಕಿ ಅಂತ. ಓದಿ ಮುಗಿಸಿ ಇವಳು ಕೇಳಿದ್ದು, "ನಮ್ಮ ರೋಡಿಂದು ಇಲ್ವಾ?"

ಶನಿವಾರ ಹಳೇ ನೋಟ್‌ಬುಕ್ಕಿನ ಹಾಳೆ ಕಿತ್ತು ಸ್ಟೇಪಲ್ ಹೊಡೆದ್ವಿ, ಹನ್ನೆರಡು ಪುಟ. ಫೆಬ್ರವರಿ ಪುಟಕ್ಕೆ ಆ ಎಲೇನೇ ಅಂಟಿಸಿದಾಳೆ, ಗೋಂದು ಜಾಸ್ತಿಯಾಗಿ ಹಿಂದಿನ ಪುಟಕ್ಕೂ ಹತ್ಕೊಂಡಿದೆ. ಮಾರ್ಚ್ ಖಾಲಿ. ಹೊಂಗೆ ಇನ್ನೂ ಪೂರ್ತಿ ಉದುರಿಲ್ಲ, ಇನ್ನೊಂದು ಹತ್ತು ದಿನ ಆಗ್ಬಹುದು ಅಂತ ಅಕ್ಕ ಹೇಳಿದಾರೆ.