ಬಾರ್ ಎಂಟೇ ಇಂಚು, ಇನ್ನು ಕಷ್ಟ ಎಲ್ಲಿ?

ಪಾಪಿಯಾನ್, ಚಿವಾವಾದಂಥ ಪುಟ್ಟ ನಾಯಿಯನ್ನು ಕರೆದುಕೊಂಡು ನಾಯಿಗಳು ಅಡ್ಡ ಬಾರ್ ಹಾರಿ, ಸುರಂಗ, ಹಲಗೆ ದಾಟಿ ಗಡಿಯಾರಕ್ಕೆ ಎದುರಾಗಿ ಓಡುವ ವಾರಾಂತ್ಯದ ಅಜಿಲಿಟಿ ಟ್ರಯಲ್‌ಗೆ ಹೋಗುವವರನ್ನು ಎಲ್ಲರೂ ಕೇಳುವುದು ಒಂದೇ: "ಬಾರನ್ನು ಅಷ್ಟು ತಗ್ಗಿಸಿ ಕೊಡ್ತಾರಲ್ಲ, ಮತ್ತೆ ಕಷ್ಟ ಏನು?" ಹಾರುವುದು ಕಷ್ಟವೇ ಅಲ್ಲ ಅನ್ನುವುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಪುಟ್ಟ ನಾಯಿಯ ಓಟ ಕೆಡುವುದು ಸೀಸಾ ಹಲಗೆಯ ಮೇಲೆ, ಅಂದರೆ ಪಾರ್ಕಿನಲ್ಲಿ ಮಕ್ಕಳು ಏರಿಳಿದು ಆಡುವಂಥ, ನಡುವೆ ಆಧಾರವಿರುವ ಹಲಗೆಯ ಮೇಲೆ. ಅಲ್ಲಿ ಕೆಡದಿದ್ದರೆ, ಬಗ್ಗಿಕೊಂಡು ಓಡುವ ನಮ್ಮಿಂದ.

ಇಲ್ಲಿ ಹೇಳುತ್ತಿರುವುದು ಅಮೆರಿಕನ್ ಕೆನಲ್ ಕ್ಲಬ್ಬಿನ, ಅಂದರೆ ಎಕೆಸಿಯ, ನಿಯಮದಲ್ಲಿ ನಡೆಯುವ ಟ್ರಯಲ್‌ಗಳ ಮಾತು. ಆಟ ಹುಟ್ಟಿದ್ದು ಲಂಡನ್ನಿನಲ್ಲಿ, 1978ರ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಬಿಡುವಿನಲ್ಲಿ ಜನರನ್ನು ರಂಜಿಸಲು. ಎಕೆಸಿ ಇದನ್ನು ಶುರು ಮಾಡಿದ್ದು 1994ರಲ್ಲಿ. ನಾಯಿಗೆ 15 ತಿಂಗಳು ತುಂಬಿರಬೇಕು. ಹೆಗಲಿನ ಮೇಲ್ತುದಿಗೆ ಅಳೆದಾಗ 11 ಇಂಚು ಅಥವಾ ಅದಕ್ಕೂ ಕಡಿಮೆ ಬಂದರೆ 8 ಇಂಚಿನ ಬಾರ್, 14 ಇಂಚಿನವರೆಗೆ 12 ಇಂಚಿನ ಬಾರ್. ಪ್ರಿಫರ್ಡ್ ಎಂಬ ತಗ್ಗು ಬಾರಿನ ವಿಭಾಗಕ್ಕೆ ಹೆಸರು ಕೊಟ್ಟರೆ ಇವು 4 ಮತ್ತು 8ಕ್ಕೆ ಇಳಿಯುತ್ತವೆ. ಬಾರ್ಡರ್ ಕಾಲಿಯಂಥ ದೊಡ್ಡ ತಳಿಯ ಜತೆ ನಿಮ್ಮ ನಾಯಿಗೆ ಪೈಪೋಟಿಯಿಲ್ಲ, ಸ್ಥಾನ ಕೊಡುವುದು ಅದದೇ ಎತ್ತರದ ನಾಯಿಗಳ ನಡುವೆ.

ನಿಮ್ಮದು ಸರಿಯಾಗಿ 11 ಇಂಚಿನ ಗಡಿಯಲ್ಲಿರುವ ನಾಯಿಯಾದರೆ ಅಳೆಸಿಕೊಳ್ಳುವುದನ್ನೂ ಕಲಿಸಬೇಕು. ಅಪರಿಚಿತರು ಬೆನ್ನ ಮೇಲೆ ಅಳತೆಯ ಚೌಕಟ್ಟು ಇಟ್ಟಾಗ ಬೆದರಿ ಸೆಟೆದು ನಿಂತ ನಾಯಿ ಕಾಲಿಂಚು ಹೆಚ್ಚು ತೋರಿಸಿದರೆ ಸಾಕು, 12ರ ಗುಂಪಿಗೆ ಬಿತ್ತು. ನಾಲ್ಕು ಕಾಲೂ ನೇರ, ತಲೆ ಸಹಜ ಮಟ್ಟದಲ್ಲಿ, ಎರಡು ಮೂರು ಸೆಕೆಂಡ್ ನಿಶ್ಚಲ: ಮನೆಯಲ್ಲೇ ದಿನಾ ಮಾಡಿಸಿ.

ಈಗ ಸೀಸಾ. ಹಲಗೆಯ ಉದ್ದ 12 ಅಡಿ, ನಡುವಿನ ಆಧಾರ ನೆಲದಿಂದ 24 ಇಂಚು. ಮೇಲೆದ್ದ ತುದಿಯಿಂದ ಒಂದು ಅಡಿ ಒಳಗೆ 3 ಪೌಂಡ್ ತೂಕ ಇಟ್ಟರೆ 3 ಸೆಕೆಂಡಿನೊಳಗೆ ಅದು ನೆಲ ಮುಟ್ಟಬೇಕು ಅನ್ನುವುದು ನಿಯಮ. ನಮ್ಮ ಏತದ ಲೆಕ್ಕವೇ ಇಲ್ಲಿಯದೂ, ತೂಕ ಆಧಾರದಿಂದ ದೂರ ಹೋದಷ್ಟೂ ಎಳೆತ ಹೆಚ್ಚು. ಆ 3 ಪೌಂಡ್, ಅಂದರೆ ಸುಮಾರು 1.36 ಕಿಲೊ, ಆಧಾರದಿಂದ 5 ಅಡಿ ದೂರದಲ್ಲಿರುತ್ತದೆ. ಅಷ್ಟೇ ಎಳೆತಕ್ಕೆ 20 ಕಿಲೊ ನಾಯಿ ಆಧಾರ ದಾಟಿ ನಾಲ್ಕು ಇಂಚು ಹೋದರೆ ಸಾಕು. 3 ಕಿಲೊ ನಾಯಿ ಎರಡೂಕಾಲು ಅಡಿ ಹೋಗಬೇಕು, 2 ಕಿಲೊದ್ದು ಸುಮಾರು ಮೂರೂವರೆ ಅಡಿ. ಅಷ್ಟು ಹೋದರೂ ಹಲಗೆ ಇಳಿಯುವುದು ನಿಧಾನವಾಗಿ. ಆದ್ದರಿಂದ "ನಡುವೆ ನಿಂತು, ಹಲಗೆ ಬಾಗಿದ ಮೇಲೆ ಮುಂದೆ ಹೋಗು" ಎಂದು ದೊಡ್ಡ ನಾಯಿಗೆ ಕಲಿಸುವ ಪಾಠವನ್ನು ಸಣ್ಣದಕ್ಕೆ ಕಲಿಸಿದರೆ ಅದು ನಿಂತೇ ಇರುತ್ತದೆ, ಗಡಿಯಾರ ಓಡುತ್ತದೆ.

ಸಣ್ಣ ನಾಯಿ ತುದಿಯವರೆಗೂ ಓಡಿ, ತುದಿಯ ಮೇಲೆ ಸವಾರಿ ಮಾಡುತ್ತಲೇ ಇಳಿಯಬೇಕು. ಆ ತುದಿ ಮೇಲಿದ್ದಾಗ ನಾಲ್ಕು ಅಡಿ ಎತ್ತರ, ನಾಯಿಯ ಎತ್ತರ ಹತ್ತು ಇಂಚು. ಅದಕ್ಕೆ ಧೈರ್ಯ ಬರಬೇಕಾದರೆ ಅವಸರ ಕೂಡದು. ಮೊದಲು ಮೇಲ್ತುದಿಯ ಕೆಳಗೆ ಗಟ್ಟಿಯಾದ ಮೇಜು ಕೊಟ್ಟು ಹಲಗೆ ಎರಡೇ ಇಂಚು ಇಳಿಯುವಂತೆ ಮಾಡಿ. ತಿಂಡಿ ಸಿಗುವುದು ಕಟ್ಟಕಡೆಯ ತುದಿಯಲ್ಲಿ ಮಾತ್ರ. ನಾಯಿ ಹಿಂಜರಿಯದೆ ಅಲ್ಲಿಗೆ ಓಡತೊಡಗಿದ ಮೇಲೆ ಇನ್ನೆರಡು ಇಂಚು ಬಿಡಿ. ಸದ್ದಿಗೆ ಬೆಚ್ಚುವ ನಾಯಿಯಾದರೆ ತುದಿ ಬೀಳುವ ಕಡೆ ಯೋಗ ಮ್ಯಾಟ್ ಹಾಸಿ, ಆಮೇಲೆ ತೆಗೆಯಿರಿ. ಹಲಗೆ ನೆಲಕ್ಕೆ ಬಡಿದು ಪುಟಿಯುತ್ತದೆ ಅನ್ನುವುದನ್ನು ಅನೇಕರು ಮರೆಯುತ್ತಾರೆ: 20 ಕಿಲೊ ನಾಯಿಗೆ ಅದು ಗೊತ್ತೇ ಆಗುವುದಿಲ್ಲ, 2 ಕಿಲೊ ನಾಯಿಯನ್ನು ಎತ್ತಿ ಹಾಕುತ್ತದೆ. ಹಾಗೊಮ್ಮೆ ಹೆದರಿದ ನಾಯಿ ಮುಂದಿನ ಸಲ ಹಲಗೆ ನೆಲ ಮುಟ್ಟುವ ಮೊದಲೇ ಜಿಗಿಯುತ್ತದೆ, ಅಲ್ಲಿಗೆ ಆ ಓಟದ ಅರ್ಹತೆ ಹೋಯಿತು. ಒಂದೊಂದು ಕ್ಲಬ್ಬಿನ ಹಲಗೆ ಇಳಿಯುವ ವೇಗವೂ ಒಂದೊಂದು ಥರ. ಹೆಸರು ಕೊಡುವ ಮುಂಚೆ ಕನಿಷ್ಠ ಮೂರು ಬೇರೆ ಬೇರೆ ಸೀಸಾಗಳ ಮೇಲೆ ಓಡಿಸಿರಬೇಕು. ಅದಾಗಿಲ್ಲವಾದರೆ ಮೊದಲ ಟ್ರಯಲ್‌ನಲ್ಲಿ ಸೀಸಾ ಇರುವ ಸ್ಟ್ಯಾಂಡರ್ಡ್ ಓಟ ಬಿಟ್ಟು, ಹೆಚ್ಚಾಗಿ ಜಂಪ್‌ಗಳೇ ಇರುವ ಜಂಪರ್ಸ್ ವಿತ್ ವೀವ್ಸ್ ಓಟ ಒಂದಕ್ಕೇ ಹೆಸರು ಕೊಡಿ, ಅದರಲ್ಲಿ ಸೀಸಾ ಇರುವುದಿಲ್ಲ.

ಉಳಿದ ಅಡೆತಡೆಗಳ ವಿಷಯದಲ್ಲಿ ಸಣ್ಣ ನಾಯಿ ಅದೃಷ್ಟವಂತ. 24 ಇಂಚು ಅಗಲದ ಟನೆಲ್‌ನಲ್ಲಿ ದೊಡ್ಡವು ಮೈ ಕುಗ್ಗಿಸಿ ಓಡಿದರೆ ಇವು ಪೂರ್ತಿ ವೇಗದಲ್ಲಿ ನುಗ್ಗುತ್ತವೆ. ಡಾಗ್‌ವಾಕ್ ಎಂಬ ಎತ್ತರದ ಕಿರುಸೇತುವೆ ಇಳಿಯುವಾಗ, ಕಾಲಿಡಲೇಬೇಕಾದ 42 ಇಂಚಿನ ಹಳದಿ ಭಾಗದಲ್ಲಿ ಸಣ್ಣ ಕಾಲು ಹೇಗಿದ್ದರೂ ಬೀಳುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನುಸುಳಿ ಹೋಗಬೇಕಾದ ವೀವ್ ಕಂಬಗಳ ಸಾಲಿನಲ್ಲಿ ಮಾತ್ರ ಎಚ್ಚರ. 24 ಇಂಚಿನ ಅಂತರವನ್ನು ದೊಡ್ಡ ನಾಯಿ ಒಂದೇ ನೆಗೆತದಲ್ಲಿ ದಾಟಿದರೆ ಸಣ್ಣದಕ್ಕೆ ಹೆಚ್ಚು ಹೆಜ್ಜೆ ಬೇಕು, ಕಂಬ ನಿಲ್ಲಿಸಿದ ಕಬ್ಬಿಣದ ಪಟ್ಟಿ ಕಾಲಿಗೆ ಸಿಗುತ್ತದೆ. ಕಂಬಗಳನ್ನು ಹುಲ್ಲಿಗೆ ಚುಚ್ಚಿ ಕಲಿಸಿದವರು ಪಟ್ಟಿಯ ಮೇಲೂ ಕಲಿಸಲಿ.

ಇನ್ನು ಹ್ಯಾಂಡ್ಲರ್, ಅಂದರೆ ನಾಯಿಗೆ ದಾರಿ ತೋರಿಸುತ್ತ ಜತೆಗೆ ಓಡುವ ನೀವು. ಎರಡು ಜಂಪ್‌ಗಳ ನಡುವಿನ 18–20 ಅಡಿಯಲ್ಲಿ ಸಣ್ಣ ನಾಯಿ ದೊಡ್ಡದಕ್ಕಿಂತ ಎಷ್ಟೋ ಹೆಚ್ಚು ಹೆಜ್ಜೆ ಹಾಕುತ್ತದೆ. ಹೆಜ್ಜೆ ಹೆಚ್ಚಾದಷ್ಟೂ ಮನಸ್ಸು ಬದಲಾಯಿಸಲು ಅವಕಾಶ ಹೆಚ್ಚು. ನಾಯಿ ಬಂತೋ ಇಲ್ಲವೋ ಎಂದು ನೀವು ಹೆಗಲು ತಿರುಗಿಸಿ ಕೆಳಗೆ ನೋಡಿದರೆ "ನನ್ನ ಹತ್ತಿರ ಬಾ" ಅಂದಂತೆ. ಅದು ಜಂಪ್ ಬಿಟ್ಟು ನಿಮ್ಮ ಕಾಲಬುಡಕ್ಕೆ ಬರುತ್ತದೆ. ಬಗ್ಗಿ ಕೈ ಚಾಚಿಕೊಂಡು ಓಡುವವರಿಗೂ ಇದೇ ಗತಿ, ಜತೆಗೆ ವೇಗವೂ ಇಲ್ಲ. ಆ ಎತ್ತರದಿಂದ ಅದಕ್ಕೆ ಚೆನ್ನಾಗಿ ಕಾಣುವುದು ನಿಮ್ಮ ಪಾದ, ಮೊಣಕಾಲು. ನೆಟ್ಟಗೆ ಓಡಿ, ಪಾದ ಮುಂದಿನ ಅಡೆತಡೆಯ ಕಡೆಗಿರಲಿ, ನಡುವೆ ಮೂರು ನಾಲ್ಕು ಅಡಿ ಜಾಗ ಬಿಡಿ. ಒಮ್ಮೆ ತುಳಿಸಿಕೊಂಡ ನಾಯಿ ಮತ್ತೆ ಪಕ್ಕಕ್ಕೆ ಬರಲು ಹೆದರುತ್ತದೆ. ಓಟಕ್ಕೆ ಮೊದಲು ನಾಯಿಯಿಲ್ಲದೆ ಕೋರ್ಸ್ ನಡೆದು ನೋಡುವಾಗ, ತಿರುವುಗಳಲ್ಲಿ ಕುಕ್ಕರಗಾಲಿನಲ್ಲಿ ಕೂತು ನಾಯಿಯ ಕಣ್ಣಿನ ಮಟ್ಟದಿಂದ ನೋಡಿ. ನಿಂತಾಗ ಲೆಕ್ಕಕ್ಕೇ ಬಾರದ ಟನೆಲ್ ಬಾಯಿ ಆಗ ಎದುರಿಗೇ ತೆರೆದುಕೊಂಡಿರುತ್ತದೆ.

ಆ ದಿನದ ಕೆಲವು ಮಾತು. ಸಣ್ಣವು ಮೊದಲು ಓಡುವ ದಿನವಾದರೆ ಬೆಳಗಿನ ಇಬ್ಬನಿಗೆ ಹೊಟ್ಟೆಯೆಲ್ಲ ಒದ್ದೆ, ಒರೆಸಲು ಟವೆಲ್ ಇರಲಿ. 8 ಇಂಚಿನ ಗುಂಪಿನಲ್ಲಿ ನಾಲ್ಕೇ ನಾಯಿಗಳಿರಬಹುದು, ನಿಮ್ಮ ಸರದಿ ಎರಡು ಮೂರು ನಿಮಿಷದಲ್ಲಿ ಬಂದುಬಿಡುತ್ತದೆ. ಒಳಗೆ ಹೋಗುವ ಮುನ್ನ ಎಲ್ಲ ಬಾರ್‌ಗಳೂ ಇಳಿದಿವೆಯೇ ಎಂದು ಕಣ್ಣು ಹಾಯಿಸಿ. ಒಂದು ಮೇಲೇ ಉಳಿದಿದ್ದರೆ ನಾಯಿಯನ್ನು ಬಿಡುವ ಮೊದಲೇ ಹೇಳಬೇಕು. ರಿಂಗಿನೊಳಗೆ ತಿಂಡಿ ಒಯ್ಯುವಂತಿಲ್ಲ. ಹೊರಗೂ ಕೈ ಬಿಗಿ ಇರಲಿ: 3 ಕಿಲೊ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 200–250 ಕ್ಯಾಲೊರಿ, ಒಂದು ಚೀಸ್ ಕಡ್ಡಿಯಲ್ಲೇ 80 ಇರುತ್ತದೆ. ಅದನ್ನು ಹೆಸರುಕಾಳಿನಷ್ಟು ಚೂರು ಮಾಡಿ ಕೊಡಿ.

ಓಡುತ್ತಾ ಓಡುತ್ತಾ ಹಿಂಗಾಲು ಎತ್ತಿಕೊಂಡು ಎರಡು ಹೆಜ್ಜೆ ಕುಪ್ಪಳಿಸಿ ಮತ್ತೆ ಸರಿಹೋದರೆ "ಏನೂ ಆಗಿಲ್ಲ" ಅಂದುಕೊಳ್ಳಬೇಡಿ. ಸಣ್ಣ ತಳಿಗಳಲ್ಲಿ ಮೊಣಕಾಲಿನ ಚಿಪ್ಪು ಜಾರುವುದು ಸಾಮಾನ್ಯ, ಅದರ ಗುರುತು ಹೀಗೇ ಇರುತ್ತದೆ. ಕಟ್ಟಿದ ದುಡ್ಡು ಹೋದರೆ ಹೋಗಲಿ, ಭಾನುವಾರದ ಓಟದಿಂದ ಹೆಸರು ತೆಗೆಸಿ ಸೋಮವಾರ ವೈದ್ಯರಿಗೆ ತೋರಿಸಿ.