ಮಿಲ್ವಾಕಿಯ ಖಾಲಿ ಕುರ್ಚಿ: ವಿಕ್ಟರ್ ಬರ್ಗರ್ ಕಿರುಹೊತ್ತಿಗೆ ಎಲ್ಲಿಗೆ ಬಂತು

ಮಾರ್ಚ್ 30

ಮೊದಲ ಅಧ್ಯಾಯದ ಕರಡು ಮುಗಿಯಿತು. ಏಳು ಪುಟ.

ಈ ಕೆಲಸ ಶುರುವಾದದ್ದು ಒಂದು ಸುದ್ದಿಯಿಂದ. 2024ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕೊಲೊರಾಡೋ ರಾಜ್ಯ ಟ್ರಂಪ್ ಹೆಸರನ್ನು ಮತಪತ್ರದಿಂದ ಕೈಬಿಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆಗ ಎಲ್ಲರ ಬಾಯಲ್ಲೂ ಇದ್ದದ್ದು ಅವರ ಸಂವಿಧಾನದ 14ನೇ ತಿದ್ದುಪಡಿಯ ಮೂರನೇ ಪರಿಚ್ಛೇದ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆಂದು ಪ್ರಮಾಣ ಮಾಡಿ ಆಮೇಲೆ ದಂಗೆ ಎದ್ದವರು, ಶತ್ರುಗಳಿಗೆ ನೆರವಾದವರು ಮತ್ತೆ ಅಧಿಕಾರಕ್ಕೆ ಬರಕೂಡದು ಅನ್ನುವ ನಿಯಮ ಅದು. ಅಂತರ್ಯುದ್ಧದ ನಂತರ, 1868ರಲ್ಲಿ, ಸೋತ ದಕ್ಷಿಣದ ನಾಯಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅದನ್ನೇ 1919ರಲ್ಲಿ ಬಂದೂಕು ಮುಟ್ಟದ ಒಬ್ಬ ಪತ್ರಿಕಾ ಸಂಪಾದಕನ ಮೇಲೆ ಪ್ರಯೋಗಿಸಿದ್ದರು ಎಂದು ಓದಿದೆ. ಆ ಸಂಪಾದಕ ವಿಕ್ಟರ್ ಬರ್ಗರ್, ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಸಮಾಜವಾದಿ. ಕನ್ನಡದಲ್ಲಿ ಹುಡುಕಿದರೆ ನನಗೆ ಒಂದು ಪ್ಯಾರಾ ಕೂಡ ಸಿಗಲಿಲ್ಲ. ನಾನೇ ಬರೆಯೋಣ ಎಂದುಕೊಂಡೆ.

ಮೊದಲ ತೊಡಕು ಪದಗಳದ್ದು. ‘ಕಾಂಗ್ರೆಸ್ ಸದಸ್ಯ’ ಎಂದು ಬರೆದರೆ ನಮ್ಮವರಿಗೆ ಕಣ್ಣ ಮುಂದೆ ಬರುವುದು ಪಕ್ಷ. ‘ಪ್ರಜಾಪ್ರತಿನಿಧಿ ಸಭೆ’ ಎನ್ನೋಣವೆಂದರೆ ಅದು 1881ರಲ್ಲಿ ಮೈಸೂರಿನಲ್ಲಿ ಶುರುವಾದ ಸಭೆಯ ಹೆಸರು, ಅದರ ಸೊಗಡೇ ಬೇರೆ. ಕೊನೆಗೆ ಅಲ್ಲಿನ ಸಂಸತ್ತಿನ ಕೆಳಮನೆಗೆ ‘ಪ್ರತಿನಿಧಿ ಸಭೆ’, ಮೇಲ್ಮನೆಗೆ ‘ಸೆನೆಟ್’ ಎಂದೇ ಇಟ್ಟುಕೊಂಡೆ. ಬರ್ಗರ್ ಇದ್ದ ಊರು, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ಸಮಾಜವಾದಿಗಳಿಗೆ ಅಂಟಿದ ಅಡ್ಡಹೆಸರಂತೂ ಎರಡು ದಿನ ಕಾಡಿತು. ಕುಡಿಯುವ ನೀರು, ಶಾಲೆ, ಮೋರಿ ಇವನ್ನೇ ದೊಡ್ಡದು ಮಾಡುತ್ತಾರೆ ಎಂದು ಅವರ ಪಕ್ಷದವರೇ 1932ರಲ್ಲಿ ಹಂಗಿಸಿದ್ದು ಅದು. ‘ಚರಂಡಿ ಸಮಾಜವಾದ’ ಎಂದರೆ ಕನ್ನಡದಲ್ಲಿ ಶುದ್ಧ ಬೈಗುಳ. ‘ಒಳಚರಂಡಿ ಸಮಾಜವಾದ’ ಎಂದು ಮಾಡಿದೆ. ನಗರಸಭೆಗೆ ಅರ್ಜಿ ಹಿಡಿದು ಅಲೆದವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ.

ಏಪ್ರಿಲ್ 20

1911ರಿಂದ 1913ರವರೆಗಿನ ಅವಧಿ ಮುಗಿಯಿತು. ಬಾಲ್ಯವನ್ನು ಒಂದೇ ಪುಟಕ್ಕೆ ಇಳಿಸಿದೆ: 1860ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಹುಟ್ಟು, ಯೆಹೂದಿ ಮನೆತನ, 1878ರಲ್ಲಿ ಅಮೆರಿಕಕ್ಕೆ ವಲಸೆ, ಜರ್ಮನ್ ಮಾತಾಡುವವರೇ ತುಂಬಿದ್ದ ಮಿಲ್ವಾಕಿಯಲ್ಲಿ ಶಾಲಾ ಮೇಷ್ಟ್ರು, ಆಮೇಲೆ ಪತ್ರಿಕೆ. 1910ರಲ್ಲಿ ಗೆದ್ದು ವಾಷಿಂಗ್ಟನ್ನಿಗೆ ಹೋದಾಗ ಇಡೀ ಸದನದಲ್ಲಿ ಅವರ ಪಕ್ಷದವರು ಅವರೊಬ್ಬರೇ.

ಒಬ್ಬರೇ ಇದ್ದು ಏನು ಮಾಡಲು ಸಾಧ್ಯ? ಸೆನೆಟ್ಟನ್ನೇ ರದ್ದು ಮಾಡಿ ಎಂಬ ನಿರ್ಣಯ ಮಂಡಿಸಿದರು, ಅದು ಮೂಲೆ ಸೇರಿತು. 1911ರಲ್ಲೇ ಮುದುಕರಿಗೆ ಪಿಂಚಣಿ ಕೊಡುವ ಮಸೂದೆ ತಂದರು: 60 ದಾಟಿದ ಬಡವರಿಗೆ ವಾರಕ್ಕೆ 4 ಡಾಲರ್‌ವರೆಗೆ. ಅದೂ ಬಿದ್ದುಹೋಯಿತು. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂದದ್ದು 1935ರಲ್ಲಿ, ಬರ್ಗರ್ ತೀರಿಕೊಂಡು ಆರು ವರ್ಷಕ್ಕೆ.

ಫಲ ಕೊಟ್ಟದ್ದು ಲಾರೆನ್ಸ್ ವಿಚಾರಣೆ. 1912ರ ಚಳಿಗಾಲದಲ್ಲಿ ಮ್ಯಾಸಚುಸೆಟ್ಸ್‌ನ ಲಾರೆನ್ಸ್ ಊರಿನ ಬಟ್ಟೆ ಗಿರಣಿಗಳಲ್ಲಿ ಮುಷ್ಕರ. ಮಕ್ಕಳನ್ನು ಬೇರೆ ಊರಿಗೆ ಕಳಿಸಲು ರೈಲು ನಿಲ್ದಾಣಕ್ಕೆ ಬಂದ ತಾಯಂದಿರ ಮೇಲೆ ಪೊಲೀಸರು ಲಾಠಿ ಬೀಸಿದರು. ಇದರ ವಿಚಾರಣೆ ಆಗಲೇಬೇಕು ಎಂದು ಬರ್ಗರ್ ಪಟ್ಟು ಹಿಡಿದರು, ಮಾರ್ಚ್‌ನಲ್ಲಿ ಸದನದ ಸಮಿತಿ ಕೂತಿತು. ಅಲ್ಲಿ ಸಾಕ್ಷಿ ಹೇಳಿದವಳು ಕಮೆಲಾ ಟಿಯೋಲಿ ಎಂಬ ಹುಡುಗಿ. ಯಂತ್ರಕ್ಕೆ ಕೂದಲು ಸಿಕ್ಕಿ ನೆತ್ತಿಯ ಚರ್ಮವೇ ಕಿತ್ತುಬಂದಿತ್ತು, ಏಳು ತಿಂಗಳು ಆಸ್ಪತ್ರೆಯಲ್ಲಿದ್ದಳು. ಅಧ್ಯಕ್ಷ ಟ್ಯಾಫ್ಟರ ಹೆಂಡತಿ ಅಲ್ಲೇ ಕೂತು ಕೇಳಿಸಿಕೊಂಡರು. ಆ ಹುಡುಗಿಯ ಸಾಕ್ಷ್ಯವನ್ನು ನಾಲ್ಕು ಸಲ ಕನ್ನಡಕ್ಕೆ ಇಳಿಸಿದ್ದೇನೆ. ಪ್ರಶ್ನೆ ಕೇಳಿದ್ದಕ್ಕೆ ಎರಡೇ ಮಾತಿನ ಉತ್ತರ, ಮತ್ತೊಂದು ಪ್ರಶ್ನೆ, ಮತ್ತೆ ಎರಡು ಮಾತು. ಅದನ್ನು ಕಥೆಯಂತೆ ಹೆಣೆದರೆ ಕೆಡುತ್ತದೆ. ಪ್ರಶ್ನೋತ್ತರದ ರೂಪದಲ್ಲೇ ಬಿಟ್ಟೆ.

ಮೇ 11

ಅಂಚೆಯ ಭಾಗ ನನಗೆ ಬಿಡಿಸಲಾಗದ ಗಂಟಾಗಿತ್ತು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಬರ್ಗರ್ ನಡೆಸುತ್ತಿದ್ದ ‘ಮಿಲ್ವಾಕಿ ಲೀಡರ್’ ದಿನಪತ್ರಿಕೆ, ಇದು ಬಂಡವಾಳಗಾರರ ಯುದ್ಧ ಎಂದು ಬರೆಯುತ್ತಲೇ ಹೋಯಿತು. ಹೊಸ ಬೇಹುಗಾರಿಕೆ ಕಾಯ್ದೆಯ ಬಲದಿಂದ ಅಂಚೆ ಇಲಾಖೆ ಪತ್ರಿಕೆಗಿದ್ದ ‘ಎರಡನೇ ದರ್ಜೆ’ ಸೌಲಭ್ಯವನ್ನು ಕಿತ್ತುಕೊಂಡಿತು. ಇದರಲ್ಲಿ ಅಂಥ ದೊಡ್ಡ ಪೆಟ್ಟೇನು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಅಪ್ಪ 34 ವರ್ಷ ಅಂಚೆ ಕಚೇರಿಯಲ್ಲಿ ದುಡಿದವರು. ಅವರನ್ನೇ ಕೇಳಿದೆ.

ಕನ್ನಡಕ ತೆಗೆದು ಜಗಲಿಯ ಮೇಲಿಟ್ಟು, “ಪತ್ರಿಕೆಗೆ ರಿಯಾಯಿತಿ ದರ ಅಂತ ಇರ್ತದೆ ಮಗಾ,” ಅಂದರು. “ನಾನಿದ್ದಾಗ ಅದು ಪೈಸೆ ಲೆಕ್ಕ. ಅದೇ ಕಾಗದಾನ ಲಕೋಟೆಗೆ ಹಾಕಿ ಕಳಿಸು ನೋಡೋಣ, ರೂಪಾಯಿ ಲೆಕ್ಕ ಆಗ್ತದೆ. ರಿಯಾಯಿತಿ ತೆಗೆದ್ರೆ ಪತ್ರಿಕೆ ನಿಲ್ಲಿಸಿ ಅಂತ ಯಾರೂ ಹೇಳೋದೇ ಬೇಡ. ಚಂದಾದಾರನೇ ಕೈ ಬಿಡ್ತಾನೆ.”

ಎರಡು ವಾರ ಓದಿ ಅರ್ಥವಾಗದ್ದು ಎರಡು ನಿಮಿಷಕ್ಕೆ ಅರ್ಥವಾಯಿತು. ಅಪ್ಪನ ಮಾತನ್ನೇ ಆ ಅಧ್ಯಾಯದ ಮೊದಲಿಗೆ ಹಾಕಿದ್ದೇನೆ. ಆಮೇಲೆ ಪತ್ರಿಕೆಗೆ ಬರುವ ಟಪಾಲನ್ನೂ ತಡೆದರು ಎಂದಾಗ ಮಾತ್ರ ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. “ವಿಳಾಸ ಸರಿ ಇದ್ದ ಕಾಗದ ಮುಟ್ಟಿಸದೇ ಇರೋದು ಪಾಪ,” ಅಂದರು.

ಇಷ್ಟೆಲ್ಲ ಆದರೂ 1918ರ ಏಪ್ರಿಲ್‌ನಲ್ಲಿ ಸೆನೆಟ್ ಉಪಚುನಾವಣೆಗೆ ನಿಂತ ಬರ್ಗರ್‌ಗೆ ವಿಸ್ಕಾನ್ಸಿನ್ ಜನ 1 ಲಕ್ಷ 10 ಸಾವಿರ ಮತ ಕೊಟ್ಟರು. ಗೆಲ್ಲಲಿಲ್ಲ. ನವೆಂಬರ್‌ನಲ್ಲಿ ಪ್ರತಿನಿಧಿ ಸಭೆಗೆ ನಿಂತು ಗೆದ್ದರು, ಆಗಲೇ ಯುದ್ಧವಿರೋಧಿ ಬರಹಗಳಿಗಾಗಿ ಅದೇ ಬೇಹುಗಾರಿಕೆ ಕಾಯ್ದೆಯ ಮೊಕದ್ದಮೆ ತಲೆಯ ಮೇಲಿತ್ತು.

ಜೂನ್ 1

ಮೊಕದ್ದಮೆಯ ಅಧ್ಯಾಯ ಮೂರನೇ ಸಲ ಬರೆದೆ. ಷಿಕಾಗೋ ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್. ವಿಚಾರಣೆಗೂ ಮುಂಚೆಯೇ ಬರ್ಗರ್ ಮತ್ತು ನಾಲ್ವರು ಸಹ ಆರೋಪಿಗಳು ಪ್ರಮಾಣಪತ್ರ ಸಲ್ಲಿಸಿದ್ದರು: ಈ ದೇಶದ ಜರ್ಮನ್ ಮೂಲದವರ ಎದೆಯಲ್ಲಿ ದ್ರೋಹ ನಾರುತ್ತಿದೆ ಎಂಬರ್ಥದ ಮಾತು ಈ ನ್ಯಾಯಾಧೀಶರು ಆಡಿದ್ದಾರೆ, ಇವರ ಮುಂದೆ ನಮಗೆ ನ್ಯಾಯ ಸಿಗದು ಎಂದು. ಲ್ಯಾಂಡಿಸ್ ಪಕ್ಕಕ್ಕೆ ಸರಿಯಲಿಲ್ಲ. 1919ರ ಫೆಬ್ರುವರಿಯಲ್ಲಿ 20 ವರ್ಷ ಸೆರೆ ವಿಧಿಸಿದರು. 1921ರ ಜನವರಿ 31ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು, 6 ಮಂದಿ ಒಂದು ಕಡೆ, 3 ಮಂದಿ ಇನ್ನೊಂದು ಕಡೆ. ಅಂಥ ಪ್ರಮಾಣಪತ್ರ ಬಂದ ಮೇಲೆ ಲ್ಯಾಂಡಿಸ್ ಆ ವಿಚಾರಣೆ ನಡೆಸುವಂತಿರಲಿಲ್ಲ ಎಂಬುದು ಕಾರಣ.

ಇಲ್ಲಿ ನಾನು ಎಡವಿದ್ದೆ. ಬರ್ಗರ್ ಬರೆದದ್ದು ಅಪರಾಧವಲ್ಲ ಎಂದು ಕೋರ್ಟು ಹೇಳಿತು ಅನ್ನುವ ಹಾಗೆ ಮೊದಲ ಕರಡಿನಲ್ಲಿ ಬರೆದುಬಿಟ್ಟಿದ್ದೆ. ಕೋರ್ಟು ಆ ಮಾತಿಗೇ ಹೋಗಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಪತ್ರಿಕೆಯ ಅಂಚೆ ಮೊಕದ್ದಮೆಯಲ್ಲಿ ಸರ್ಕಾರದ ಪರವಾಗಿಯೇ ತೀರ್ಪು ಬಂತು, ನ್ಯಾಯಮೂರ್ತಿಗಳಾದ ಬ್ರಾಂಡೈಸ್ ಮತ್ತು ಹೋಮ್ಸ್ ಇಬ್ಬರೇ ಭಿನ್ನಮತ ಬರೆದರು. ಎರಡನ್ನೂ ಈಗ ಅಕ್ಕಪಕ್ಕ ಇಟ್ಟಿದ್ದೇನೆ.

ಜೂನ್ 22

ಈ ಅಧ್ಯಾಯಕ್ಕಾಗಿಯೇ ಪುಸ್ತಕ ಬರೆಯಲು ಕೂತಿದ್ದು. 1919ರ ಮೇ ತಿಂಗಳಲ್ಲಿ ಹೊಸ ಸದನ ಸೇರಿತು. ಬರ್ಗರ್ ಪ್ರಮಾಣವಚನಕ್ಕೆ ಮುಂದೆ ಬಂದರು. ಆಕ್ಷೇಪಣೆ ಬಂತು, ಪಕ್ಕಕ್ಕೆ ನಿಲ್ಲಿ ಎಂದರು. ಶಿಕ್ಷೆಯ ಮೇಲೆ ಮೇಲ್ಮನವಿ ಇತ್ತು, ಅವರು ಜಾಮೀನಿನ ಮೇಲೆ ಹೊರಗಿದ್ದರು. ಒಂದು ಸಮಿತಿ ತಿಂಗಳುಗಟ್ಟಲೆ ವಿಚಾರಣೆ ನಡೆಸಿತು. 1911ರಲ್ಲಿ ಇದೇ ಸದನದಲ್ಲಿ ಪ್ರಮಾಣ ಸ್ವೀಕರಿಸಿದ್ದರಲ್ಲ, ಅದೇ ಅವರಿಗೆ ಉರುಳಾಯಿತು. ಪ್ರಮಾಣ ಮಾಡಿ ಶತ್ರುವಿಗೆ ನೆರವಾದ, ಆದ್ದರಿಂದ ಮೂರನೇ ಪರಿಚ್ಛೇದ ಅನ್ವಯಿಸುತ್ತದೆ ಎಂಬುದು ವಾದ. ನೆರವು ಎಂದು ಅವರು ತೋರಿಸಿದ್ದು ಸಂಪಾದಕೀಯಗಳನ್ನು.

ನವೆಂಬರ್ 10ರ ಮತದಾನದ ಪಟ್ಟಿಯನ್ನು ಸದನದ ನಡಾವಳಿ ಸಂಪುಟದ ಸ್ಕ್ಯಾನಿನಲ್ಲಿ ಹಿಗ್ಗಿಸಿ ನೋಡಿದೆ. ಇರುವೆ ಸಾಲಿನಂಥ ಅಕ್ಷರ. ಹೊರಗಿಡಬೇಕು ಎಂದವರ ಹೆಸರು ಸಾಲು ಸಾಲಾಗಿ ಇಳಿಯುತ್ತಲೇ ಹೋಗುತ್ತದೆ, ಮುನ್ನೂರಕ್ಕೂ ಹೆಚ್ಚು. ಆಮೇಲೆ ‘ವಿರೋಧ’ ಎಂಬ ತಲೆಬರಹ, ಅದರ ಕೆಳಗೆ ಒಂದೇ ಹೆಸರು: ವೋಯ್ಟ್. ವಿಸ್ಕಾನ್ಸಿನ್‌ನವರೇ, ರಿಪಬ್ಲಿಕನ್ ಪಕ್ಷದವರು. ಬರ್ಗರ್ ವಿಚಾರ ಒಪ್ಪಿದವರೇನಲ್ಲ. ಆ ಒಂದು ಹೆಸರನ್ನು ನೋಡುತ್ತಾ ನಾನು ಎಷ್ಟೋ ಹೊತ್ತು ಕೂತಿದ್ದೆ.

ಡಿಸೆಂಬರ್ 19ಕ್ಕೆ ಉಪಚುನಾವಣೆ. ರಿಪಬ್ಲಿಕನ್ನರು, ಡೆಮಾಕ್ರಾಟರು ಒಂದಾಗಿ ಒಬ್ಬನೇ ಎದುರಾಳಿಯನ್ನು ನಿಲ್ಲಿಸಿದರು. 1918ರಲ್ಲಿ ಸುಮಾರು 18 ಸಾವಿರ ಇದ್ದ ಬರ್ಗರ್ ಮತ ಈಗ 24 ಸಾವಿರ ದಾಟಿತು. 1920ರ ಜನವರಿ 10ರಂದು ಸದನ ಮತ್ತೆ ಬಾಗಿಲು ಹಾಕಿತು. ಅದೇ ವಾರ ನ್ಯೂಯಾರ್ಕ್ ಶಾಸನಸಭೆ ಐವರು ಸಮಾಜವಾದಿಗಳನ್ನು ಹೊರಗೆ ನಿಲ್ಲಿಸಿತ್ತು. ಈ ಸಲ ಬರ್ಗರ್ ಪರ ನಿಂತವರು 6 ಮಂದಿ. ಮತ್ತೆ ಉಪಚುನಾವಣೆ ನಡೆಯಲಿಲ್ಲ. ಆ ಅವಧಿ ಮುಗಿಯುವವರೆಗೂ ವಿಸ್ಕಾನ್ಸಿನ್‌ನ 5ನೇ ಕ್ಷೇತ್ರಕ್ಕೆ ಪ್ರತಿನಿಧಿಯೇ ಇಲ್ಲ.

ಬರ್ಗರ್‌ಗೆ ಆದ ಅನ್ಯಾಯಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ 24 ಸಾವಿರ ಮಂದಿ. ಒಮ್ಮೆ ಬೇಡ ಎಂದು ಹೇಳಿಸಿಕೊಂಡ ಮೇಲೂ ಡಿಸೆಂಬರ್ ಚಳಿಯಲ್ಲಿ ಮತಗಟ್ಟೆಗೆ ನಡೆದು ಬಂದು ಅದೇ ಹೆಸರಿಗೆ ಗುರುತು ಹಾಕಿದವರು. ಅಧ್ಯಾಯಕ್ಕೆ ಅವರ ಲೆಕ್ಕದಿಂದಲೇ ಹೆಸರಿಟ್ಟಿದ್ದೇನೆ.

ಜುಲೈ 6

ಬರೆಯಲು ಮನಸ್ಸಾಗದೆ ಮುಂದೂಡುತ್ತಿದ್ದ ಪುಟ ಇವತ್ತು ಬರೆದೆ. 1902ರಲ್ಲಿ ಬರ್ಗರ್ ತಮ್ಮ ಪತ್ರಿಕೆಯಲ್ಲಿ ಕಪ್ಪು ಜನರನ್ನು ಕೀಳು ಜನಾಂಗ ಎಂದು ಬರೆದಿದ್ದಾರೆ. 1910ರಲ್ಲಿ ಪಕ್ಷದ ವಲಸೆ ಸಮಿತಿಯಲ್ಲಿದ್ದು, ಚೀನಿಯರು, ಜಪಾನಿಯರು, ಕೊರಿಯನ್ನರು, ‘ಹಿಂದೂಗಳು’ ಇವರನ್ನು ದೇಶದೊಳಗೆ ಬಿಡಲೇಬಾರದು ಎಂಬ ವರದಿಗೆ ಸಹಿ ಹಾಕಿದ್ದಾರೆ. ಆಗ ಅಲ್ಲಿ ಹಿಂದೂ ಎಂದರೆ ಧರ್ಮದ ಮಾತಲ್ಲ, ಭಾರತದಿಂದ ಬಂದವರೆಲ್ಲ ಹಿಂದೂಗಳೇ. ಪಕ್ಷದ ಸಮ್ಮೇಳನ ಆ ವರದಿಯನ್ನು ಒಪ್ಪದೆ ಬೇರೆ ನಿರ್ಣಯ ಅಂಗೀಕರಿಸಿತು.

ಹೆಂಡತಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. “ಅಂದ್ರೆ ನಾವು ಹೋಗಿದ್ರೆ ನಮ್ಮನ್ನೂ ಬಾಗಿಲಲ್ಲೇ ನಿಲ್ಲಿಸ್ತಿದ್ರಾ ರೀ ಇವರು?”

ಹೌದು ಅಂದೆ.

“ಹಾಗಾದ್ರೆ ಇದನ್ನ ಹಿಂದಿನ ಪುಟಕ್ಕೆ ತಳ್ಳಬೇಡಿ.”

ಅನುಬಂಧದಲ್ಲಿ ಹಾಕೋಣವೆಂದಿದ್ದೆ. ಈಗ ಅದನ್ನು ಪಿಂಚಣಿ ಮಸೂದೆಗೂ ಲಾರೆನ್ಸ್ ವಿಚಾರಣೆಗೂ ಮುಂಚೆ, 1910ರ ಜಾಗದಲ್ಲೇ ಇಟ್ಟಿದ್ದೇನೆ. ಪುಟಸಂಖ್ಯೆ ಎಲ್ಲ ಬದಲಾಯಿತು, ಒಟ್ಟು 46 ಆಗಿದೆ.

ಉಳಿದದ್ದು ಕೊನೆಯ ಅಧ್ಯಾಯ. 1922ರಲ್ಲಿ ಮತ್ತೆ ಗೆದ್ದರು, ಈ ಸಲ ಯಾರೂ ತಡೆಯಲಿಲ್ಲ, 1929ರವರೆಗೆ ಕೂತರು. ಆ ವರ್ಷ ಜುಲೈನಲ್ಲಿ ಮಿಲ್ವಾಕಿಯ ಬೀದಿಯಲ್ಲಿ ಟ್ರಾಮ್ ಬಡಿಯಿತು, ಆಗಸ್ಟ್ 7ಕ್ಕೆ ತೀರಿಕೊಂಡರು. ದೇಹವನ್ನು ನಗರಸಭೆ ಕಟ್ಟಡದಲ್ಲಿ ಇಟ್ಟಾಗ ಹತ್ತಾರು ಸಾವಿರ ಜನ ಸಾಲು ನಿಂತರು. ಅವರ ಹೆಂಡತಿ ಮೆಟಾ ಬಹುಕಾಲ ಆ ಊರಿನ ಶಾಲಾ ಮಂಡಳಿಯಲ್ಲಿದ್ದವರು. ಅವರಿಗೆ ಒಂದು ಪೂರ್ತಿ ಅಧ್ಯಾಯ ಬೇಕು ಎಂದು ಈಗ ಅನ್ನಿಸುತ್ತಿದೆ. ಮುಂದಿನ ಭಾನುವಾರ ಅಲ್ಲಿಂದ ಶುರು.